ಹದಿನೇಳರಿಂದ ಹದಿನೈದಕ್ಕೆ: ಪೋಲೋ ಕಾರಿನ ನಕಲು ರಿಮ್ ಬಿಚ್ಚಿದ ದಾಖಲೆ

ಕಾರು 2015ರ ಫೋಕ್ಸ್‌ವ್ಯಾಗನ್ ಪೋಲೋ, 1.5 ಲೀಟರ್ ಡೀಸೆಲ್ ಎಂಜಿನ್, ಹೈಲೈನ್ ಮಾದರಿ, ಬಿಳಿ ಬಣ್ಣ. ಎಂಜಿನ್ ಚೆನ್ನಾಗಿದೆ, ತಳದಲ್ಲಿ ತುಕ್ಕಿಲ್ಲ, ಬಾಗಿಲು ಹಾಕಿದರೆ ಈಗಲೂ ಹೊಸ ಕಾರಿನ ಗಟ್ಟಿ ಸದ್ದೇ ಬರುತ್ತದೆ. ತೊಂದರೆ ಇದ್ದದ್ದು ಹಿಂದಿನ ಮಾಲೀಕರು ಅಕ್ಕರೆಯಿಂದ ಮಾಡಿಸಿದ್ದ ಮಾರ್ಪಾಡುಗಳಲ್ಲಿ. ಹದಿನೇಳು ಇಂಚಿನ ನಕಲು ರಿಮ್‌ಗಳು, ಕತ್ತರಿಸಿ ಗಿಡ್ಡ ಮಾಡಿದ ಸ್ಪ್ರಿಂಗ್, ಸೈಲೆನ್ಸರ್ ಕಿತ್ತು ಹಾಕಿದ ನೇರ ಕೊಳವೆ, ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಮೇಲೆ ಅಂಟಿಸಿದ ಕೆಂಪು ಪ್ಲಾಸ್ಟಿಕ್ ಮುಚ್ಚಳ, ಹಿಂಬಾಗಿಲ ಮೇಲೆ ಈ ಕಾರಿಗೆ ಸಂಬಂಧವೇ ಇಲ್ಲದ ಮಾದರಿಯೊಂದರ ಲಾಂಛನ. ನೆಲಮಂಗಲ ದಾಟಿ ಕುಣಿಗಲ್ ರಸ್ತೆ ಹಿಡಿದರೆ ಗಂಟೆಗೆ ಎಂಬತ್ತರಿಂದ ನೂರು ಕಿಲೋಮೀಟರ್ ವೇಗದ ನಡುವೆ ಸ್ಟೀರಿಂಗ್ ನಡುಗುತ್ತಿತ್ತು. ಟಯರ್ ಅಂಗಡಿಯಲ್ಲಿ ಬ್ಯಾಲೆನ್ಸ್ ಮಾಡಿಸಿದ ಮೇಲೂ ನಡುಕ ಹೋಗಲಿಲ್ಲ.

ಸುಲಭದ ಕೆಲಸಗಳನ್ನು ಮೊದಲು ಮುಗಿಸಿದೆ. ಲಾಂಛನ ಮತ್ತು ಕೆಂಪು ಮುಚ್ಚಳಗಳು ಬಿಸಿಗಾಳಿಗೆ ಬಿಟ್ಟುಕೊಂಡವು. ಆ ಮುಚ್ಚಳ ಬರೀ ಅಂದಗೇಡಿಯಲ್ಲ, ಕ್ಯಾಲಿಪರ್‌ನ ಬಿಸಿ ಹೊರಹೋಗುವುದಕ್ಕೂ ಅಡ್ಡಿ. ನೇರ ಕೊಳವೆಯ ಜಾಗಕ್ಕೆ ಕಂಪನಿಯ ಸೈಲೆನ್ಸರ್ ಬಂತು. ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡವಿದೆ, ಆರು ತಿಂಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು. ಸ್ಪ್ರಿಂಗ್‌ಗಳ ಕಥೆ ಇನ್ನೂ ಕೆಟ್ಟದ್ದು. ಕಾರನ್ನು ಜ್ಯಾಕ್ ಮೇಲೆ ಎತ್ತಿದ ಕೂಡಲೇ ಮುಂದಿನ ಎರಡೂ ಸ್ಪ್ರಿಂಗ್ ತಮ್ಮ ಬಟ್ಟಲಿನಿಂದ ಸಡಿಲವಾಗಿ ಅಲುಗಾಡಿದವು. ತುದಿಯ ಸುರುಳಿಯನ್ನು ಗ್ರೈಂಡರ್‌ನಲ್ಲಿ ಕತ್ತರಿಸಿದ್ದರಿಂದ ಕೂರುವ ಚಪ್ಪಟೆ ಭಾಗವೇ ಉಳಿದಿರಲಿಲ್ಲ. ಹೊಸ ಸ್ಪ್ರಿಂಗ್, ಹೊಸ ಬಂಪ್ ಸ್ಟಾಪ್, ಮೇಲಿನ ರಬ್ಬರ್ ಮೌಂಟ್, ಎಲ್ಲವನ್ನೂ ಜೋಡಿಯಾಗಿ ಹಾಕಿಸಿದೆ.

ರಿಮ್‌ಗಳ ವಿಷಯವನ್ನು ಮಾತ್ರ ನಿಧಾನವಾಗಿ ಬರೆಯಬೇಕು. ಕಾರಿಗೆ ಮಾಡುವ ಬಹುತೇಕ ಅಲಂಕಾರ ಕೆಟ್ಟರೆ ಅದು ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ, ಅಷ್ಟೇ. ರಿಮ್ ಕೆಟ್ಟರೆ ಘಾಟಿಯ ತಿರುವಿನಲ್ಲಿ ನಾಲ್ಕು ಜನರ ಪ್ರಾಣಕ್ಕೆ ಬರುತ್ತದೆ.

ಈ ರಿಮ್‌ಗಳು ಜಪಾನಿನ ರೇಸ್ (RAYS) ಎಂಬ ಕಂಪನಿಯ ಟಿಇ37 ಎಂಬ ಆರು ಸ್ಪೋಕ್‌ನ ಪ್ರಸಿದ್ಧ ವಿನ್ಯಾಸದ ನಕಲು. ಅಸಲಿ ರಿಮ್ 1996ರಲ್ಲಿ ಬಂತು. ಅಲ್ಯೂಮಿನಿಯಂ ಗಟ್ಟಿಯನ್ನು ಭಾರೀ ಒತ್ತಡದಲ್ಲಿ ಅದುಮಿ, ಅಂದರೆ ಫೋರ್ಜ್ ಮಾಡಿ ತಯಾರಿಸುವ ರಿಮ್ ಅದು. ಹದಿನೈದು ಇಂಚು ವ್ಯಾಸ, ಆರು ಇಂಚು ಅಗಲದ ಅಳತೆಯಲ್ಲಿ ಅದರ ತೂಕ ಕೇವಲ 3.7 ಕಿಲೋ, ಹೆಸರಿನಲ್ಲಿರುವ 37 ಬಂದದ್ದು ಅಲ್ಲಿಂದಲೇ. ಆ ಸರಳ ಆಕಾರದ ಹಿಂದೆ ಲೆಕ್ಕವಿದೆ. ಬೇಡದ ಲೋಹವನ್ನೆಲ್ಲ ತೆಗೆದುಹಾಕಿ ಬೇಕಾದ ಕಡೆ ಮಾತ್ರ ಉಳಿಸಿದ್ದರಿಂದ ಆ ರೂಪ ಬಂತು. ನನ್ನ ಕಾರಿನಲ್ಲಿದ್ದ ನಕಲಿನ ಮೇಲೆ ‘ಫೋರ್ಜ್ಡ್’ ಎಂಬ ಸ್ಟಿಕ್ಕರ್ ಇತ್ತು. ಟಯರ್ ಬಿಚ್ಚಿಸಿ ಗೋದಾಮಿನ ತಕ್ಕಡಿಯ ಮೇಲಿಟ್ಟರೆ ಒಂದೊಂದೂ ಹತ್ತೂವರೆ ಕಿಲೋ ದಾಟಿತು. ಹದಿನೇಳು ಇಂಚಿನದು ಸ್ವಲ್ಪ ಹೆಚ್ಚು ತೂಗುವುದು ಸಹಜ. ಆದರೆ ಇದು ಫೋರ್ಜ್ ಮಾಡಿದ ರಿಮ್‌ನ ತೂಕವಂತೂ ಅಲ್ಲ. ಅಚ್ಚಿಗೆ ಎರಕ ಹೊಯ್ದದ್ದು.

ಎರಕದ ರಿಮ್ ಎಂದರೆ ಕಳಪೆ ಎಂದಲ್ಲ. ನಾವು ಓಡಿಸುವ ಬಹುಪಾಲು ಕಾರುಗಳ ಕಂಪನಿ ಅಲಾಯ್ ರಿಮ್‌ಗಳು ಎರಕದವೇ, ಮತ್ತು ವರ್ಷಗಟ್ಟಲೆ ಬಾಳುತ್ತವೆ. ಎರಕ ಹೊಯ್ದದ್ದನ್ನು ಫೋರ್ಜ್ಡ್ ಎಂದು ಮಾರುವುದು ಮೋಸ. ವಿನ್ಯಾಸದ ಅನುಕರಣೆಯ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ಜರ್ಮನಿಯ ಶಿಲ್ಟಾಖ್‌ನಲ್ಲಿ 1970ರಲ್ಲಿ ಶುರುವಾದ ಬಿಬಿಎಸ್ ಕಂಪನಿ ಜನಪ್ರಿಯಗೊಳಿಸಿದ ಜಾಲರಿ ಮಾದರಿಯ ಸ್ಪೋಕ್‌ಗಳನ್ನು ಎಷ್ಟೋ ತಯಾರಕರು ತಮ್ಮ ಸ್ವಂತ ಹೆಸರಿನಲ್ಲಿ, ಸ್ವಂತ ಪರೀಕ್ಷೆ ನಡೆಸಿ ಮಾರುತ್ತಾರೆ. ಅದರಲ್ಲಿ ನನಗೆ ತಕರಾರಿಲ್ಲ. ಬೇರೆಯವರ ಹೆಸರು, ಬೇರೆಯವರ ಮುದ್ರೆ ಹಚ್ಚಿದ ಕಡೆ ಮಾತ್ರ ಲೋಹದ ಬಗ್ಗೆಯೂ ಸುಳ್ಳು ಹೇಳಿರುತ್ತಾರೆ ಎಂದೇ ಎಣಿಸಿ ಮುಂದುವರಿಯುತ್ತೇನೆ.

ರಿಮ್ ಅನ್ನು ತಿರುಗಿಸಿ ಹಿಂಬದಿ ತೊಳೆದು ನೋಡಿದರೆ ಅದರ ಜಾತಕ ಸಿಗುತ್ತದೆ. ಇಲ್ಲಿ ಸಿಕ್ಕಿದ್ದು ಇಷ್ಟು: 17x7.5 (ಇಂಚಿನಲ್ಲಿ ವ್ಯಾಸ ಮತ್ತು ಅಗಲ), ಇಟಿ 35 (ಇದೇನೆಂದು ಮುಂದೆ ಹೇಳುತ್ತೇನೆ), ಮತ್ತು ಒರಟಾಗಿ ಮೂಡಿದ ಜೆಡಬ್ಲ್ಯೂಎಲ್ ಎಂಬ ಅಕ್ಷರಗಳು. ತಯಾರಕರ ಹೆಸರಿಲ್ಲ, ತಯಾರಾದ ತಿಂಗಳು ಇಲ್ಲ, ಎಷ್ಟು ಕಿಲೋ ಭಾರ ಹೊರಬಲ್ಲದು ಎಂಬ ಸಂಖ್ಯೆ ಇಲ್ಲ. ಜೆಡಬ್ಲ್ಯೂಎಲ್ ಜಪಾನಿನ ಮಾನಕ ನಿಜ, ಆದರೆ ಅದನ್ನು ತಯಾರಕರೇ ತಾವಾಗಿ ಹಾಕಿಕೊಳ್ಳುತ್ತಾರೆ. ಹೊರಗಿನ ಸಂಸ್ಥೆ ಪರೀಕ್ಷಿಸಿ ನೋಂದಾಯಿಸಿದ್ದರೆ ಅದರ ಜೊತೆ ವಿಐಎ ಗುರುತೂ ಇರುತ್ತದೆ. ಅದು ಇಲ್ಲಿರಲಿಲ್ಲ. ನಮ್ಮಲ್ಲಿ ಕಾರಿನ ರಿಮ್‌ಗೆ ಐಎಸ್ 9436 ಎಂಬ ಮಾನಕವಿದೆ. ಐಎಸ್‌ಐ ಗುರುತು ಇದ್ದರೆ ಜೊತೆಯಲ್ಲಿ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಯಾವ ವಸ್ತುವಿಗೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತುಕೊಂಡೇ ಮಾಡಬಹುದಾದ ಕೆಲಸ ಇದು.

ಅಳತೆಗೆ ಬರೋಣ. ಪೋಲೋ ಹೈಲೈನ್‌ಗೆ ಕಂಪನಿ ಕೊಟ್ಟ ರಿಮ್ ಹದಿನೈದು ಇಂಚು, ಆರು ಇಂಚು ಅಗಲ, ಇಟಿ 40. ಇಟಿ ಎಂದರೆ ರಿಮ್‌ನ ಅಗಲದ ನಡುಗೆರೆಗೂ ಹಬ್‌ಗೆ (ಚಕ್ರವನ್ನು ಬೋಲ್ಟ್ ಹಾಕಿ ಬಿಗಿಯುವ ನಡುಭಾಗಕ್ಕೆ) ತಾಗುವ ಮುಖಕ್ಕೂ ಇರುವ ದೂರ, ಮಿಲಿಮೀಟರ್‌ನಲ್ಲಿ. ಅಗಲ ಒಂದೂವರೆ ಇಂಚು ಹೆಚ್ಚಾದರೆ ಎರಡೂ ಪಕ್ಕಕ್ಕೆ 19 ಮಿ.ಮೀ. ಹಂಚಿಹೋಗುತ್ತದೆ. ಇಟಿ ಐದು ಕಡಿಮೆಯಾದ್ದರಿಂದ ಹೊರ ಅಂಚು ಇನ್ನೂ ಐದು ಮಿ.ಮೀ. ಆಚೆ ಹೋಗುತ್ತದೆ. ಒಟ್ಟು 24 ಮಿ.ಮೀ. ಹೊರಕ್ಕೆ, 14 ಮಿ.ಮೀ. ಒಳಕ್ಕೆ. ಮುಂದಿನ ಫೆಂಡರ್‌ನ ಒಳ ಹಾಳೆಯಲ್ಲಿ ಟಯರ್ ಉಜ್ಜಿ ತೂತಾಗಿದ್ದಕ್ಕೆ ಕಾರಣ ಇದೇ. ವೀಲ್ ಬೇರಿಂಗ್ ಮೇಲೆ ಬೀಳುವ ತಿರುಚು ಭಾರವೂ ಹೆಚ್ಚುತ್ತದೆ, ಬ್ರೇಕ್ ಹಾಕಿದಾಗ ಸ್ಟೀರಿಂಗ್ ಎಳೆಯುವ ಗುಣವೂ ಬರುತ್ತದೆ. ಮೇಲೆ ಹಾಕಿದ್ದು 205/40 ಆರ್17 ಟಯರ್. ಹೊರ ವ್ಯಾಸ 596 ಮಿ.ಮೀ.; ಕಂಪನಿಯ 185/60 ಆರ್15 ಟಯರ್‌ನದು 603. ಹಾಗಾಗಿ ಸ್ಪೀಡೋಮೀಟರ್ ಲೆಕ್ಕದಲ್ಲಿ ದೊಡ್ಡ ತಪ್ಪಿರಲಿಲ್ಲ. ಆದರೆ ಟಯರ್‌ನ ಪಕ್ಕದ ಗೋಡೆ 111 ಮಿ.ಮೀ.ನಿಂದ 82ಕ್ಕೆ ಇಳಿದಿತ್ತು. ಬೆಂಗಳೂರಿನ ರಸ್ತೆಯ ಹಳ್ಳಕ್ಕೂ ರಿಮ್‌ಗೂ ನಡುವೆ ಇರುವ ರಕ್ಷಣೆ ಅಷ್ಟೇ.

ಇನ್ನು ನಡುಕದ ಮೂಲ. ಪೋಲೋ ಹಬ್‌ನ ಮಧ್ಯದ ಉಬ್ಬು 57.1 ಮಿ.ಮೀ. ನಕಲು ರಿಮ್‌ನ ನಡುತೂತು 73.1. ಅನೇಕ ಕಾರುಗಳಿಗೆ ಒಂದೇ ರಿಮ್ ಮಾರಬೇಕೆಂದು ತೂತನ್ನು ದೊಡ್ಡದು ಮಾಡಿರುತ್ತಾರೆ. ನಡುವಿನ ಅಂತರ ತುಂಬಲು ಬಳೆಯಂಥ ಹಬ್ ರಿಂಗ್ ಕೊಡುತ್ತಾರೆ. ಎರಡು ಚಕ್ರಗಳಲ್ಲಿ ಆ ರಿಂಗೇ ಇರಲಿಲ್ಲ, ಮೂರನೆಯದರಲ್ಲಿ ಬಿಸಿಗೆ ಕರಗಿ ಸೊಟ್ಟಗಾದ ಪ್ಲಾಸ್ಟಿಕ್ ಚೂರು. ರಿಂಗ್ ಭಾರ ಹೊರುವುದಿಲ್ಲ. ಬೋಲ್ಟ್ ಬಿಗಿಯುವಾಗ ಚಕ್ರವನ್ನು ನಟ್ಟ ನಡುವೆ ಹಿಡಿದಿಡುವುದು ಅದರ ಕೆಲಸ. ಅದಿಲ್ಲದಿದ್ದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು ಬಿಗಿಯಾಗುತ್ತದೆ. ಬ್ಯಾಲೆನ್ಸ್ ಯಂತ್ರದಲ್ಲಿ ಅದು ಎಂದೂ ಕಾಣಿಸುವುದಿಲ್ಲ, ಏಕೆಂದರೆ ಯಂತ್ರದ ಶಂಕು ಅದನ್ನು ತನ್ನ ನಡುವಿಗೆ ತಾನೇ ತಂದುಕೊಂಡಿರುತ್ತದೆ.

ಬೋಲ್ಟ್‌ಗಳನ್ನು ಬಿಚ್ಚುವಾಗ ಕಂಡದ್ದು ಇದಕ್ಕಿಂತ ಕಳವಳದ ಸಂಗತಿ. ಫೋಕ್ಸ್‌ವ್ಯಾಗನ್ ಬೋಲ್ಟ್‌ನ ತಲೆಯ ಕೆಳಭಾಗ ಚೆಂಡಿನಂತೆ ಗುಂಡಗಿರುತ್ತದೆ, ಕಂಪನಿ ರಿಮ್‌ನ ಗುಂಡಿಯೂ ಅದೇ ಗುಂಡು. ನಕಲು ರಿಮ್‌ನ ಗುಂಡಿ ಅರವತ್ತು ಡಿಗ್ರಿಯ ನೇರ ಶಂಕು. ಕಂಪನಿಯ ಗುಂಡು ಬೋಲ್ಟನ್ನೇ ಶಂಕುವಿನೊಳಗೆ ಬಿಗಿದಿದ್ದರು. ಎರಡೂ ಮೇಲ್ಮೈ ಪೂರ್ತಿ ಅಪ್ಪಿಕೊಳ್ಳುವ ಬದಲು ಒಂದು ತೆಳು ಗೆರೆಯ ಮೇಲಷ್ಟೇ ತಾಗಿದ್ದವು. ಗುಂಡಿಯೊಳಗೆ ಆ ಗೆರೆ ಹೊಳೆಯುವ ಉಂಗುರವಾಗಿ ಕಾಣುತ್ತಿತ್ತು. ಅದರ ಕೆಳಗೆ ಅಲ್ಯೂಮಿನಿಯಂ ಸವೆದು ಕಪ್ಪು ಪುಡಿ ಕೂತಿತ್ತು. ಲೋಹ ಹೀಗೆ ಸವೆದಷ್ಟೂ ಬೋಲ್ಟ್‌ನ ಬಿಗಿ ಸಡಿಲವಾಗುತ್ತದೆ. ಸಾಲದ್ದಕ್ಕೆ ನಕಲು ರಿಮ್‌ನ ಹಬ್ ಮುಖ ದಪ್ಪ. ಬೋಲ್ಟ್ ಹಬ್‌ನೊಳಗೆ ಐದಾರು ಸುತ್ತು ಮಾತ್ರ ಹೋಗುತ್ತಿತ್ತು. ಎಂ14x1.5 ಬೋಲ್ಟ್ (14 ಮಿ.ಮೀ. ದಪ್ಪ, ಒಂದು ಸುತ್ತಿಗೆ 1.5 ಮಿ.ಮೀ. ಇಳಿಯುವಂಥದ್ದು) ತನ್ನ ದಪ್ಪದಷ್ಟಾದರೂ ಆಳಕ್ಕೆ, ಅಂದರೆ ಒಂಬತ್ತು ಸುತ್ತಿನಷ್ಟು ಇಳಿಯಬೇಕು. ನೀವು ಬೇರೆ ರಿಮ್ ಹಾಕಿಸಿದ್ದರೆ ಇಂದೇ ಒಂದು ಬೋಲ್ಟ್ ಬಿಚ್ಚಿ, ಪೂರ್ತಿ ಹೊರಬರಲು ಎಷ್ಟು ಸುತ್ತು ಬೇಕಾಯಿತು ಎಂದು ಎಣಿಸಿ.

ಪೀಣ್ಯದಲ್ಲಿ ನನಗೆ ಪರಿಚಯದ ಲೇತ್ ಕಾರ್ಖಾನೆಯೊಂದಿದೆ. ರಿಮ್‌ಗಳನ್ನು ಅಲ್ಲಿಗೆ ಒಯ್ದೆವು. ಟರ್ನರ್ ರಿಮ್ ಅನ್ನು ಚಕ್‌ಗೆ ಕಟ್ಟಿ, ಡಯಲ್ ಗೇಜಿನ ಮುಳ್ಳನ್ನು ಟಯರ್ ಕೂರುವ ಅಂಚಿಗೆ ತಾಗಿಸಿ ಕೈಯಿಂದ ತಿರುಗಿಸಿದರು. ಅರ್ಧ ಮಿಲಿಮೀಟರ್ ಒಳಗಿನ ಓಲಾಟವಾದರೆ ನನಗೆ ಸಮಾಧಾನ. ಇವುಗಳಲ್ಲಿ ಒಂದರ ಓಲಾಟ ಒಂದೂಕಾಲು ಮಿಲಿಮೀಟರ್ ದಾಟಿತು. ಅದು ಹಳ್ಳಕ್ಕೆ ಬಿದ್ದು ಬಾಗಿದ್ದಲ್ಲ. ಬಾಗಿದ ರಿಮ್‌ನಲ್ಲಿ ಒಂದು ಕಡೆ ಮಾತ್ರ ಮುಳ್ಳು ಹಾರುತ್ತದೆ. ಇಲ್ಲಿ ಅರ್ಧ ಸುತ್ತು ಮೇಲೆ, ಅರ್ಧ ಸುತ್ತು ಕೆಳಗೆ ಎಂದು ನಿಧಾನವಾಗಿ ಏರಿಳಿಯಿತು. ಹಬ್ ಮುಖವನ್ನು ಕಡೆಯುವಾಗಲೇ ಓರೆಯಾಗಿದೆ ಎಂದು ಅದರ ಅರ್ಥ.

ನಂತರ ಬಣ್ಣದ ಪರೀಕ್ಷೆ. ವೆಲ್ಡಿಂಗ್ ಕೆಲಸದವರು ಬಿರುಕು ಹುಡುಕಲು ಬಳಸುವ ಮೂರು ಡಬ್ಬಿಗಳ ಸೆಟ್ ಅಲ್ಲೇ ಇತ್ತು. ರಿಮ್‌ನ ಹಿಂಬದಿಯ ಪೇಂಟ್ ತೆಗೆದು, ಕ್ಲೀನರ್ ಹಾಕಿ ಒರೆಸಿ, ಕೆಂಪು ದ್ರವ ಸಿಂಪಡಿಸಿ ಇಪ್ಪತ್ತು ನಿಮಿಷ ಬಿಟ್ಟೆವು. ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ ಬಿಳಿ ಡೆವಲಪರ್ ಹೊಡೆದ ಮೇಲೆ ಕಾಯುವುದಷ್ಟೇ ಕೆಲಸ. ಮೂರು ರಿಮ್‌ಗಳು ಬಿಳಿಯಾಗಿಯೇ ಉಳಿದವು. ನಾಲ್ಕನೆಯದರಲ್ಲಿ, ಒಂದು ಸ್ಪೋಕ್ ಹೊರ ಬಳೆಗೆ ಸೇರುವ ಮೂಲೆಯಲ್ಲಿ, ಮೊದಲು ಚುಕ್ಕೆ, ಆಮೇಲೆ ಉಗುರಿನುದ್ದದ ಕೆಂಪು ಗೆರೆ ತಾನಾಗಿ ಮೂಡಿತು. ಒರೆಸಿ ಮತ್ತೆ ಡೆವಲಪರ್ ಹೊಡೆದೆವು. ಅದೇ ಜಾಗದಲ್ಲಿ ಅದೇ ಗೆರೆ. ಟರ್ನರ್ ನನ್ನ ಮುಖ ನೋಡಿ, “ಸಾರ್, ಇದನ್ನು ಮನೆಯವರನ್ನು ಕೂರಿಸಿಕೊಂಡು ಓಡಿಸಿದ್ದೀರಾ?” ಎಂದು ಕೇಳಿದರು.

ಬಿರುಕು ಬಿಟ್ಟ ಆ ರಿಮ್ ಅನ್ನು ಬ್ಯಾಂಡ್ ಸಾ ಯಂತ್ರದಲ್ಲಿ ಅಡ್ಡಲಾಗಿ ಕೊಯ್ಯಿಸಿದೆ. ಕೊಯ್ದ ಮುಖವನ್ನು ಮರಳು ಕಾಗದದಲ್ಲಿ ಉಜ್ಜಿದಾಗ ಸ್ಪೋಕ್‌ನ ನಡುಭಾಗ ನುಣ್ಣಗಿತ್ತು. ಹೊರ ಬಳೆಗೆ ಸೇರುವ ದಪ್ಪ ಜಾಗದಲ್ಲಿ ಮಾತ್ರ ಮುರಿದ ಇಡ್ಲಿಯ ಒಳಗಿನಂತೆ ಸಣ್ಣ ಸಣ್ಣ ತೂತುಗಳು. ಇದಕ್ಕೆ ಕಾರಣ ಕಷ್ಟದ್ದೇನಲ್ಲ. ಕರಗಿದ ಅಲ್ಯೂಮಿನಿಯಂ ಗಾಳಿಯ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಲೋಹ ಗಟ್ಟಿಯಾಗುವಾಗ ಆ ಅನಿಲ ಗುಳ್ಳೆಯಾಗಿ ಉಳಿಯುತ್ತದೆ. ದಪ್ಪ ಭಾಗ ಎಲ್ಲಕ್ಕಿಂತ ಕೊನೆಗೆ ಆರುವುದರಿಂದ, ಕುಗ್ಗುವ ಲೋಹದ ಜಾಗ ತುಂಬಲು ಹೊಸ ದ್ರವ ಸಿಗದೆ ಅಲ್ಲಿ ಪೊಳ್ಳಾಗುತ್ತದೆ. ಒಳ್ಳೆಯ ಕಾರ್ಖಾನೆಯಲ್ಲಿ ಕರಗಿದ ಲೋಹದಿಂದ ಅನಿಲ ತೆಗೆಯುತ್ತಾರೆ, ಕೆಳಗಿನಿಂದ ಕಡಿಮೆ ಒತ್ತಡದಲ್ಲಿ ಅಚ್ಚು ತುಂಬುತ್ತಾರೆ, ತಯಾರಾದ ರಿಮ್‌ಗಳನ್ನು ಎಕ್ಸ್‌ರೇಯಲ್ಲಿ ನೋಡುತ್ತಾರೆ. ಕೊಯ್ದ ತುಂಡಿನ ಗಡಸುತನವನ್ನೂ ಅಳೆಸಿದೆ: ಬ್ರಿನೆಲ್ ಮಾಪನದಲ್ಲಿ ಅರವತ್ತರ ಆಸುಪಾಸು. ರಿಮ್‌ಗಳಿಗೆ ಸಾಮಾನ್ಯವಾಗಿ ಬಳಸುವ ಎ356 ಮಿಶ್ರಲೋಹವನ್ನು ಸುಮಾರು 540 ಡಿಗ್ರಿಗೆ ಕಾಯಿಸಿ, ನೀರಿನಲ್ಲಿ ಅದ್ದಿ, ಮತ್ತೆ 150 ಡಿಗ್ರಿಯ ಸುತ್ತಮುತ್ತ ಗಂಟೆಗಟ್ಟಲೆ ಹದ ಮಾಡಿದರೆ ಗಡಸುತನ ಎಂಬತ್ತರ ಸುತ್ತ ಬರುತ್ತದೆ. ಟಿ6 ಎಂಬ ಈ ಹದವನ್ನು ಇಲ್ಲಿ ಕೊಟ್ಟಿಲ್ಲ, ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆ. ಒಲೆಯ ಖರ್ಚು ಉಳಿಯಿತು, ರಿಮ್‌ನ ಬೆಲೆ ಇಳಿಯಿತು. ಮೇಲಿನ ಹೊಳಪು ಕಪ್ಪು ಬಣ್ಣ ನೋಡಿ ಇದನ್ನು ಯಾರೂ ಗುರುತಿಸಲಾರರು.

ರಿಮ್‌ಗಳಿಗೆ ಮೂರು ಮುಖ್ಯ ಪರೀಕ್ಷೆಗಳಿವೆ: ತಿರುವಿನ ಒತ್ತಡವನ್ನು ಹೋಲುವ ಬಾಗು ಪರೀಕ್ಷೆ, ಭಾರ ಹೊತ್ತು ಉರುಳುವ ಪರೀಕ್ಷೆ, ಮತ್ತು ಪೆಟ್ಟಿನ ಪರೀಕ್ಷೆ. ಕೊನೆಯದರಲ್ಲಿ ಟಯರ್ ಸಹಿತ ಚಕ್ರವನ್ನು 13 ಡಿಗ್ರಿ ಓರೆಯಾಗಿ ಕಟ್ಟಿ ಅಂಚಿನ ಮೇಲೆ ಭಾರ ಬೀಳಿಸುತ್ತಾರೆ. ಭಾರದ ಲೆಕ್ಕ: ಚಕ್ರ ಹೊರಬೇಕಾದ ಗರಿಷ್ಠ ತೂಕದ 0.6 ಪಟ್ಟಿಗೆ 180 ಕಿಲೋ ಸೇರಿಸಬೇಕು. 450 ಕಿಲೋ ಹೊರುವ ರಿಮ್ ಆದರೆ 450 ಕಿಲೋ ಗುಂಡೇ, 230 ಮಿ.ಮೀ. ಎತ್ತರದಿಂದ. ಆರಪಾರ ಬಿರುಕು ಬಿಡಬಾರದು, ನಡುಭಾಗ ಬೇರ್ಪಡಬಾರದು, ಒಂದು ನಿಮಿಷದೊಳಗೆ ಗಾಳಿಯೆಲ್ಲ ಹೋಗಬಾರದು. ಬಾಗಿದರೆ ಪರವಾಗಿಲ್ಲ. ಒಳ್ಳೆಯ ರಿಮ್ ಪೆಟ್ಟು ತಿಂದಾಗ ಬಾಗುತ್ತದೆ, ಕೆಟ್ಟದ್ದು ಒಡೆಯುತ್ತದೆ. ಭಾರದ ಸಂಖ್ಯೆಯನ್ನೇ ಅಚ್ಚು ಹಾಕದ ರಿಮ್ ಅನ್ನು ಯಾವ ಭಾರಕ್ಕೆ ಪರೀಕ್ಷಿಸಿದರು ಎಂದು ಕೇಳುವಂತೆಯೇ ಇಲ್ಲ.

ಉಳಿದ ಮೂರನ್ನು ಕೊಳ್ಳಲು ಜನ ಸಿದ್ಧರಿದ್ದರು. ನಾನು ಕೊಡಲಿಲ್ಲ. ಅವುಗಳ ಸ್ಪೋಕ್‌ಗಳನ್ನೂ ಕೊಯ್ಯಿಸಿ, ಅಲ್ಯೂಮಿನಿಯಂ ತೂಕದ ಲೆಕ್ಕಕ್ಕೆ ಗುಜರಿಗೆ ಹಾಕಿದೆ. ಇಡಿಯಾಗಿ ಕೊಟ್ಟಿದ್ದರೆ ಮತ್ತೆ ಯಾವುದೋ ಕಾರಿಗೆ ಬಣ್ಣ ಬಳಿದುಕೊಂಡು ಏರುತ್ತಿದ್ದವು.

ಬದಲಿಗೆ ಏನು? ಜೆ.ಸಿ. ರಸ್ತೆಯಲ್ಲಿ ಐಎಸ್‌ಐ ಗುರುತಿನ ಹೊಸ ರಿಮ್‌ಗಳನ್ನು ನೋಡಿದೆ. ಅವುಗಳಲ್ಲಿ ಎರಡು ವಿನ್ಯಾಸ ನಿಜಕ್ಕೂ ಚೆನ್ನಾಗಿದ್ದವು. ಆದರೆ ಪೋಲೋದ ಐದು ಬೋಲ್ಟ್, 100 ಮಿ.ಮೀ. ವೃತ್ತಕ್ಕೆಂದೇ ಕೊರೆದದ್ದು ಸಿಗಲಿಲ್ಲ. ಎರಡು ವೃತ್ತಗಳಿಗೆ ಹತ್ತು ತೂತು ಕೊರೆದ ರಿಮ್ ನನಗೆ ಬೇಡ. ಹಬ್ ಮುಖದ ಲೋಹವನ್ನೆಲ್ಲ ತೂತೇ ತಿಂದುಬಿಡುತ್ತದೆ. ಕೊನೆಗೆ ಇದೇ ಮಾದರಿಯ ಕಾರಿನಿಂದ ಬಿಚ್ಚಿಟ್ಟಿದ್ದ ಕಂಪನಿಯ ಹದಿನೈದು ಇಂಚಿನ ರಿಮ್‌ಗಳ ಸೆಟ್ ಸಿಕ್ಕಿತು. ಡಯಲ್ ಗೇಜ್, ಕೆಂಪು ದ್ರವ, ಎರಡೂ ಪರೀಕ್ಷೆ ಅವಕ್ಕೂ ಆದವು. ಒಂದರ ಒಳ ಅಂಚು ಬಾಗಿತ್ತು. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಡಿದು ನೇರ ಮಾಡಿಕೊಡುತ್ತೇವೆ ಎಂದವರಿದ್ದರು. ಹಾಗೆ ಕಾಯಿಸಿದ ಜಾಗದಲ್ಲಿ ಟಿ6 ಹದ ಹೊರಟುಹೋಗುತ್ತದೆ. ಅದನ್ನು ಸ್ಟೆಪ್ನಿಗೂ ಇಟ್ಟುಕೊಳ್ಳದೆ, ಬೇರೆ ಕಡೆಯಿಂದ ಬಿಡಿ ರಿಮ್ ತಂದು ನಾಲ್ಕು ಮಾಡಿದೆ.

ಪೌಡರ್ ಕೋಟಿಂಗ್‌ನಲ್ಲೂ ಒಲೆಯ ವಿಷಯ ಬರುತ್ತದೆ. 180 ಡಿಗ್ರಿ ಮೀರಬಾರದು, ಪುಡಿ ಹಿಡಿಯಲು ಬೇಕಾದಷ್ಟು ನಿಮಿಷ ಮಾತ್ರ ಒಲೆಯಲ್ಲಿರಬೇಕು, ಒಮ್ಮೆ ಸರಿಬರದಿದ್ದರೆ ಮತ್ತೆ ಮತ್ತೆ ಬೇಯಿಸಬಾರದು ಎಂದು ಮೊದಲೇ ಮಾತಾಡಿಕೊಂಡೆ. ಹಬ್ ಮುಖಕ್ಕೂ ಬೋಲ್ಟ್ ಗುಂಡಿಗೂ ಬಣ್ಣ ಬೀಳದಂತೆ ಮುಚ್ಚಿಸಿದೆ. ಅಲ್ಲಿ ಬಣ್ಣದ ಪದರವಿದ್ದರೆ ಅದು ಒತ್ತಡಕ್ಕೆ ತೆಳುವಾಗಿ ಬೋಲ್ಟ್ ಸಡಿಲವಾಗುತ್ತದೆ.

ಬಣ್ಣ ಯಾವುದು ಎಂಬುದರ ಮೇಲೆ ಮನೆಯಲ್ಲಿ ಚರ್ಚೆಯಾಯಿತು. ತಮ್ಮನಿಗೆ ಕಪ್ಪೇ ಆಗಬೇಕಿತ್ತು. ನಾನು ಹಿಡಿದದ್ದು ಸ್ವಲ್ಪ ಗಾಢವಾದ ಬೆಳ್ಳಿ ಬಣ್ಣ. ಬಿಳಿ ಕಾರಿಗೆ ಕಪ್ಪು ರಿಮ್ ಹಾಕಿದರೆ ಟಯರ್ ಮತ್ತು ರಿಮ್ ಬೆರೆತು ಚಕ್ರದ ಆಕಾರವೇ ಮಾಯವಾಗುತ್ತದೆ. ಸ್ಪೋಕ್‌ನ ಅಂಚು, ತಗ್ಗು, ನೆರಳು ಯಾವುದೂ ಕಾಣುವುದಿಲ್ಲ. ಹದಿನೇಳು ಇಂಚಿನಲ್ಲಿ ಇನ್ನೊಂದು ಎಡವಟ್ಟಿತ್ತು. ಪೋಲೋಗೆ ಹಿಂದೆ ಡ್ರಮ್ ಬ್ರೇಕ್. ದೊಡ್ಡ ರಿಮ್‌ನ ಅಗಲ ಸಂದುಗಳಲ್ಲಿ ಆ ಪುಟ್ಟ, ತುಕ್ಕು ಹಿಡಿದ ಡ್ರಮ್ ಇಣುಕುತ್ತಿತ್ತು. ಹದಿನೈದರಲ್ಲಿ ಡ್ರಮ್ಮಿಗೂ ರಿಮ್‌ಗೂ ಅಳತೆ ಕೂಡುತ್ತದೆ. ಹಳೆಯ ಡ್ರಮ್‌ಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಬಿಸಿ ತಡೆಯುವ ಕಪ್ಪು ಬಣ್ಣ ಕೊಟ್ಟೆ. ಕಾರಿನ ಅಂದದ ವಿಚಾರದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ಈ ಪುಟ್ಟ ಕೆಲಸ. ಕಾರು ಈಗ ಏನಾಗಿದೆಯೋ ಅದರ ಅತ್ಯುತ್ತಮ ರೂಪದಲ್ಲಿ ನಿಂತಂತೆ ಕಾಣುತ್ತದೆ, ಇನ್ನಾವುದೋ ಕಾರಿನ ವೇಷ ಹಾಕಿದಂತೆ ಅಲ್ಲ.

ಟಯರ್ 195/60 ಆರ್15. ಹೊರ ವ್ಯಾಸ 615 ಮಿ.ಮೀ., ಕಂಪನಿ ಅಳತೆಗಿಂತ ಎರಡು ಶೇಕಡಾ ಹೆಚ್ಚು. ಆರು ಇಂಚಿನ ರಿಮ್‌ಗೆ ಆರಾಮವಾಗಿ ಕೂರುತ್ತದೆ. ಪಕ್ಕದ ಗೋಡೆ 117 ಮಿ.ಮೀ. ಭಾರದ ಸೂಚ್ಯಂಕ 88, ಅಂದರೆ ಒಂದು ಟಯರ್‌ಗೆ 560 ಕಿಲೋ. ಕೊಳ್ಳುವಾಗ ಪಕ್ಕದ ಗೋಡೆಯ ನಾಲ್ಕಂಕಿ ಸಂಖ್ಯೆ ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ.

ಜೋಡಿಸುವ ದಿನ ಹಬ್ ಮುಖದ ತುಕ್ಕನ್ನು ಉಜ್ಜಿ ತೆಗೆದೆ. ಕಂಪನಿಯ ರಿಮ್ 57.1ರ ಉಬ್ಬಿನ ಮೇಲೆ ‘ಟಕ್’ ಎಂದು ಕೂತಿತು, ರಿಂಗ್ ಬೇಕಾಗಲಿಲ್ಲ. ಹೊಸ ಗುಂಡು ತಲೆಯ ಬೋಲ್ಟ್‌ಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ಆಮೇಲೆ ಒಂದು ಬಿಟ್ಟು ಒಂದು ನಕ್ಷತ್ರದಾಕಾರದಲ್ಲಿ, ಟಾರ್ಕ್ ವ್ರೆಂಚ್‌ನಿಂದ 120 ನ್ಯೂಟನ್ ಮೀಟರ್‌ಗೆ ಬಿಗಿದೆ. ಟಯರ್ ಅಂಗಡಿಯ ಹುಡುಗರು ಗಾಳಿ ಗನ್ ಹಿಡಿದು ಬಂದರೆ ವಿನಯದಿಂದಲೇ ತಡೆಯಿರಿ. ಆ ಗನ್ನಿಗೆ 120 ಎಲ್ಲಿ, 250 ಎಲ್ಲಿ ಎಂಬ ಲೆಕ್ಕವಿಲ್ಲ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ವ್ರೆಂಚ್ ಹಾಕಿ ನೋಡಿದೆ, ಒಂದೂ ಅಲುಗಲಿಲ್ಲ. ಬ್ಯಾಲೆನ್ಸ್‌ಗೆ ಹಳೆಯ ರಿಮ್‌ಗಳಲ್ಲಿ ಅಂಟಿಸಿದ ಸೀಸದ ತುಂಡುಗಳು ಸಾಲುಗಟ್ಟಿದ್ದವು; ಇವಕ್ಕೆ ಮೂವತ್ತು ಗ್ರಾಂ ಒಳಗೆ ಮುಗಿಯಿತು. ಅಲೈನ್‌ಮೆಂಟ್‌ನಲ್ಲಿ ಮುಂದಿನ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಮಾತ್ರ ಸರಿಪಡಿಸಲಿಕ್ಕಿತ್ತು. ಗಾಳಿಯ ಒತ್ತಡವನ್ನು ಪೆಟ್ರೋಲ್ ಬಂಕಿನವರ ಅಂದಾಜಿಗೆ ಬಿಡದೆ, ಇಂಧನ ಮುಚ್ಚಳದ ಒಳಗಿನ ಚೀಟಿಯಲ್ಲಿರುವಂತೆ ಹಾಕಿಸಿದೆ.

ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಬಂದೆ. ನೂರರ ವೇಗದಲ್ಲಿ ಸ್ಟೀರಿಂಗ್ ನಿಶ್ಚಲ. ರಸ್ತೆ ಉಬ್ಬಿನ ಮೇಲೆ ಫೆಂಡರ್ ಉಜ್ಜುವ ಸದ್ದಿಲ್ಲ, ತಿರುವಿನಲ್ಲಿ ಬ್ರೇಕ್ ಹಿಡಿದರೆ ಪಕ್ಕಕ್ಕೆ ಎಳೆಯುವುದಿಲ್ಲ. ಚಕ್ರ ಹಗುರಾದ್ದರಿಂದ ಮುರಿದ ಡಾಂಬರಿನ ಮೇಲೆ ಸಸ್ಪೆನ್ಷನ್ ಕೆಲಸ ಮಾಡುವುದು ಪಾದಕ್ಕೂ ಬೆನ್ನಿಗೂ ಗೊತ್ತಾಗುತ್ತದೆ. ಎಡ ಮುಂದಿನ ವೀಲ್ ಬೇರಿಂಗ್‌ನಲ್ಲಿ ಮಾತ್ರ ಬಲಕ್ಕೆ ತಿರುಗಿಸುವಾಗ ಸಣ್ಣ ಗೊರಗೊರ ಸದ್ದು ಉಳಿದಿದೆ. ಹೊರಚಾಚಿದ ಆ ಹದಿನೇಳು ಇಂಚಿನ ಚಕ್ರಗಳ ಭಾರ ಹೊತ್ತು ಸವೆದ ಬೇರಿಂಗ್ ಅದು. ಹೊಸದನ್ನು ತರಿಸಿ ಇಟ್ಟಿದ್ದೇನೆ. ಮುಂದಿನ ವಾರ ಪ್ರೆಸ್ ಇರುವ ಗ್ಯಾರೇಜಿನಲ್ಲಿ ಹಬ್ ಬಿಚ್ಚಿಸಿ ಹಾಕಿಸುತ್ತೇನೆ. ಬಿಚ್ಚಿದಾಗ ಹಬ್‌ನ ಬೋಲ್ಟ್ ತೂತುಗಳ ತಿರುಪು ಗೆರೆಗಳನ್ನೂ ಪರೀಕ್ಷಿಸಬೇಕು, ಐದಾರು ಸುತ್ತಿನ ಹಿಡಿತದಲ್ಲಿ ಎಷ್ಟು ದಿನ ಓಡಿದೆಯೋ ಯಾರಿಗೆ ಗೊತ್ತು.